ಕೆರೆಗೆ ಬಂದದ್ದು, ಕೆರೆಯಿಂದ ಹೋದದ್ದು

2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಒಮ್ಮೆಲೇ ಸತ್ತು ತೇಲಿದವು. ಇಂಥ ಸುದ್ದಿ ಬಂದಾಗ ಜನರಿಗೆ ಮೊದಲು ಹುಟ್ಟುವ ಅನುಮಾನ, ಯಾರೋ ವಿಷ ಹಾಕಿರಬೇಕು ಎಂದು. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಕೊಳಚೆ ಸೇರುವ ಕೆರೆಯಲ್ಲಿ ಮೀನು ಸಾಯಲು ವಿಷವೇ ಬೇಕೆಂದಿಲ್ಲ. ನೀರಿನಲ್ಲಿ ಕರಗಿದ್ದ ಆಮ್ಲಜನಕ ಒಂದೇ ರಾತ್ರಿಯಲ್ಲಿ ಖಾಲಿಯಾದರೆ ಸಾಕು, ಬೆಳಗಾಗುವುದರೊಳಗೆ ಅವು ಉಸಿರು ಕಟ್ಟಿ ಸತ್ತಿರುತ್ತವೆ. ಹಲಸೂರಿನಲ್ಲೂ ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಮಾತೇ ಮುಂದೆ ಬಂತು.

ಹಾಗಾದರೆ ಆ ಆಮ್ಲಜನಕವನ್ನು ಮುಗಿಸಿದವರು ಯಾರು? ಅಷ್ಟೊಂದು ಉಸಿರಾಡುವ ಜೀವಿಗಳು ಕೆರೆಗೆ ಬಂದದ್ದು ಹೇಗೆ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿದರೆ ಪರಿಸರ ವಿಜ್ಞಾನದ ಮೂಲ ಪಾಠಗಳು ಒಂದೊಂದಾಗಿ ಎದುರಾಗುತ್ತವೆ. ಅದಕ್ಕಾಗಿ ದಟ್ಟ ಕಾಡಿಗೆ ಹೋಗಬೇಕಿಲ್ಲ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಈ ವಿಜ್ಞಾನ ಬೆಳೆದದ್ದರಲ್ಲೂ ಕೆರೆಗಳ ಪಾಲು ದೊಡ್ಡದು. ಅಮೆರಿಕದ ಇಲಿನಾಯ್‌ನ ಸ್ಟೀಫನ್ ಫೋರ್ಬ್ಸ್ 1887ರಷ್ಟು ಹಿಂದೆಯೇ, ಒಂದು ಮೀನನ್ನು ಅರಿಯಬೇಕಾದರೆ ಇಡೀ ಸರೋವರವನ್ನೇ ಅರಿಯಬೇಕು ಎಂದು ವಾದಿಸಿದ್ದ. 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ ಅದನ್ನು ಇನ್ನಷ್ಟು ವಿಸ್ತರಿಸಿ, ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿ, ಬಿಸಿಲನ್ನೂ ಸೇರಿಸಿಯೇ ಒಂದು ವ್ಯವಸ್ಥೆಯಾಗಿ ನೋಡಬೇಕು ಎಂದ. ಇದಕ್ಕೆ ನಾವು ಇಂದು ಪರಿಸರ ವ್ಯವಸ್ಥೆ ಎನ್ನುತ್ತೇವೆ.

ರಾತ್ರಿಯ ಉಸಿರು

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲುವುದು ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ಅಲ್ಪ ದಾಸ್ತಾನಿನಲ್ಲೇ ಮೀನು, ಸೀಗಡಿ, ಹುಳು, ಬ್ಯಾಕ್ಟೀರಿಯಾಗಳೆಲ್ಲ ಬದುಕಬೇಕು. ಅದು ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ಒದ್ದಾಡತೊಡಗುತ್ತವೆ.

ಹಸಿರುಗಟ್ಟಿದ ಒಂದು ಕೆರೆಯ ಇಪ್ಪತ್ತನಾಲ್ಕು ಗಂಟೆಗಳನ್ನು ಹತ್ತಿರದಿಂದ ನೋಡೋಣ. ಹೊತ್ತು ಏರುತ್ತಿದ್ದಂತೆ ನೀರಿನಲ್ಲಿ ತೇಲುವ ಕೋಟ್ಯಂತರ ಸೂಕ್ಷ್ಮ ಪಾಚಿಗಳು ಬಿಸಿಲನ್ನು ಹೀರಿ ಆಹಾರ ತಯಾರಿಸತೊಡಗುತ್ತವೆ, ಆಮ್ಲಜನಕವನ್ನು ಹೊರಬಿಡುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೇಲ್ಪದರದ ನೀರಿನಲ್ಲಿ ಗಾಳಿಯಿಂದ ಕರಗಬಹುದಾದದ್ದಕ್ಕಿಂತಲೂ ಹೆಚ್ಚು ಆಮ್ಲಜನಕ ತುಂಬಿಕೊಂಡಿರುತ್ತದೆ. ಆಗ ಅಳೆದು ನೋಡಿದವರು ಕೆರೆ ಆರೋಗ್ಯವಾಗಿದೆ ಎಂದು ಬರೆದುಕೊಂಡು ಹೋಗಬಹುದು.

ಸೂರ್ಯ ಮುಳುಗಿದ ಕೂಡಲೇ ತಯಾರಿ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಹಗಲೆಲ್ಲ ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿಯೆಲ್ಲ ಅದನ್ನು ಬಳಸುತ್ತದೆ. ತಳದ ಕೆಸರಿನಲ್ಲಿ ಸತ್ತ ಪಾಚಿಯನ್ನೂ ಕೊಳಚೆಯನ್ನೂ ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೆ ಹಗಲು ರಾತ್ರಿಯ ಭೇದವಿಲ್ಲ. ಗಂಟೆಗಂಟೆಗೂ ಆಮ್ಲಜನಕ ಇಳಿಯುತ್ತ ಬರುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅದು ಅತಿ ಕೆಳಮಟ್ಟಕ್ಕೆ ಬಂದಿರುತ್ತದೆ. ಆಗ ಮೀನುಗಳು ಮೇಲಕ್ಕೆ ಬಂದು, ಗಾಳಿ ತಾಗುವ ತೆಳುಪದರದ ನೀರಿಗೆ ಬಾಯಿ ಹಚ್ಚಿ ಬಾಯಿ ತೆರೆಯುತ್ತ ಮುಚ್ಚುತ್ತ ನಿಲ್ಲುತ್ತವೆ. ಹಿಂದಿನ ದಿನ ಮೋಡ ಕವಿದಿದ್ದರೆ, ಗಾಳಿ ಬೀಸದೆ ಸೆಕೆಯಿದ್ದರೆ, ರಾತ್ರಿಯ ಖರ್ಚಿಗೆ ಬೇಕಾದಷ್ಟು ಹಗಲಲ್ಲಿ ಕೂಡಿಬಂದಿರುವುದೇ ಇಲ್ಲ. ಅಂಥ ರಾತ್ರಿಗಳಲ್ಲೇ ಮೀನುಗಳು ಸಾಲುಸಾಲಾಗಿ ಸಾಯುವುದು. ಗಾಳಿಯನ್ನೇ ನೇರವಾಗಿ ನುಂಗಿ ಉಸಿರಾಡಬಲ್ಲ ಮುರುಗೋಡಿನಂಥ ಮೀನುಗಳು ಮಾತ್ರ ಉಳಿದುಕೊಳ್ಳುತ್ತವೆ.

ಮೊದಲ ಪಾಠ ಇಲ್ಲಿದೆ. ಕೆರೆ ಹಸಿರಾಗಿದೆಯೆಂದರೆ ಅಲ್ಲಿ ಜೀವ ಸಮೃದ್ಧವಾಗಿದೆ ಎಂದು ತಿಳಿಯಬಾರದು. ಒಂದು ಜೀವಿ ಎಲ್ಲೆ ಮೀರಿ ಹೆಚ್ಚಿದಾಗ ಉಳಿದವುಗಳ ಬದುಕಿಗೆ ಬೇಕಾದದ್ದನ್ನು ಅದೇ ಕಸಿದುಕೊಳ್ಳುತ್ತದೆ. ಒಂದು ವ್ಯವಸ್ಥೆಯ ಆರೋಗ್ಯವನ್ನು ಅದರ ಅತ್ಯಂತ ಕಷ್ಟದ ಗಂಟೆಯಲ್ಲಿ ಅಳೆಯಬೇಕು.

ಹತ್ತರಲ್ಲಿ ಒಂದು

ಕೆರೆಯ ಜೀವಿಗಳು ಒಂದನ್ನೊಂದು ತಿಂದು ಬದುಕುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಪಾಚಿಯನ್ನು ನೀರಿನಲ್ಲಿ ಕುಪ್ಪಳಿಸುವ ಡಾಫ್ನಿಯಾದಂಥ ಸಣ್ಣ ಜೀವಿಗಳು ಸೋಸಿ ತಿನ್ನುತ್ತವೆ. ಅವುಗಳನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ನೀರುಕಾಗೆ, ಬಕ, ಹೆಜ್ಜಾರ್ಲೆಗಳು ತಿನ್ನುತ್ತವೆ. ಈ ಸರಪಳಿಯನ್ನು ಶಕ್ತಿಯ ಲೆಕ್ಕವಾಗಿ ಬರೆದವನು ರೇಮಂಡ್ ಲಿಂಡ್‌ಮನ್ ಎಂಬ ಅಮೆರಿಕದ ತರುಣ. ಮಿನ್ನೆಸೋಟಾದ ಸೀಡರ್ ಬಾಗ್ ಎಂಬ ಪುಟ್ಟ ಸರೋವರದಲ್ಲಿ ಆತ ವರ್ಷಗಟ್ಟಲೆ ಪಾಚಿಯನ್ನೂ ಹುಳುಗಳನ್ನೂ ಮೀನುಗಳನ್ನೂ ಅಳೆದ. ಒಂದೊಂದು ಹಂತದಲ್ಲಿ ಎಷ್ಟು ಶಕ್ತಿ ಸೇರುತ್ತದೆ, ಎಷ್ಟು ಉಸಿರಾಟದಲ್ಲಿ ಕಳೆದುಹೋಗುತ್ತದೆ, ಎಷ್ಟು ಮುಂದಿನ ಹಂತಕ್ಕೆ ದಾಟುತ್ತದೆ ಎಂದು ಲೆಕ್ಕ ಹಾಕಿದ. ಆತನ ಪ್ರಬಂಧವನ್ನು ಪರಿಶೀಲಕರು ಮೊದಲು ತಿರಸ್ಕರಿಸಿದ್ದರು. ಹಿರಿಯ ವಿಜ್ಞಾನಿ ಎವೆಲಿನ್ ಹಚಿನ್ಸನ್ ಬೆಂಬಲಕ್ಕೆ ನಿಂತು ಒತ್ತಾಯಿಸಿದ ಮೇಲೆ ಅದು 1942ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಲಿಂಡ್‌ಮನ್ ಕಾಯಿಲೆಯಿಂದ ತೀರಿಕೊಂಡಿದ್ದ. ಆತನಿಗೆ 27 ಕೂಡ ತುಂಬಿರಲಿಲ್ಲ. ಪರಿಸರ ವಿಜ್ಞಾನವನ್ನು ವರ್ಣನೆಯಿಂದ ಅಳತೆಗೆ ತಂದ ಪ್ರಬಂಧಗಳಲ್ಲಿ ಅದು ಪ್ರಮುಖವಾದದ್ದು.

ಆ ಲೆಕ್ಕದ ಸಾರ ಸರಳ. ಒಂದು ಹಂತದ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಿನ ಹಂತಕ್ಕೆ ಸಿಗುತ್ತದೆ. ಉಳಿದದ್ದು ಓಡಾಟ, ಉಸಿರಾಟ, ಮೈಯ ಕೆಲಸಗಳಲ್ಲಿ ಶಾಖವಾಗಿ ಕಳೆದುಹೋಗುತ್ತದೆ, ಇಲ್ಲವೇ ತಿನ್ನದೆ ಉಳಿದು ಕೊಳೆಯುತ್ತದೆ. 1,000 ಕಿಲೋ ಪಾಚಿ ಬೆಳೆದ ಕಡೆ 100 ಕಿಲೋ ಸಣ್ಣ ಜೀವಿಗಳು, 10 ಕಿಲೋ ಚಿಕ್ಕ ಮೀನು, 1 ಕಿಲೋ ದೊಡ್ಡ ಮೀನು. ಕೆರೆಯಲ್ಲಿ ಪಾಚಿ ಹೇರಳವಾಗಿದ್ದು ಹೆಜ್ಜಾರ್ಲೆ ಬೆರಳೆಣಿಕೆಯಷ್ಟೇ ಇರುವುದಕ್ಕೆ ಕಾರಣ ಇದೇ. ಮೇಲಿನ ಹಂತದ ಜೀವಿಗಳು ಸಂಖ್ಯೆಯಲ್ಲಿ ಕಡಿಮೆ, ಅವಕ್ಕೆ ಬೇಕಾದ ನೆಲೆ ವಿಸ್ತಾರ. ಕೆಳಗಿನ ಯಾವ ಹಂತ ಅಲುಗಿದರೂ ಪೆಟ್ಟು ಬೀಳುವುದು ಅವಕ್ಕೇ. ಒಂದು ಕೆರೆಯನ್ನು ನಂಬಿ ಒಂದು ಹೆಜ್ಜಾರ್ಲೆ ಹಿಂಡು ಬದುಕಲಾರದು. ಅದಕ್ಕೆ ಸುತ್ತಲಿನ ಹತ್ತಾರು ಕೆರೆಗಳು ಬೇಕು.

ರಂಜಕದ ದಾರಿ

ಶಕ್ತಿ ದಿನವೂ ಹೊಸದಾಗಿ ಬರುತ್ತದೆ. ಸೂರ್ಯ ಹುಟ್ಟಿದರೆ ಸಾಕು. ಆದರೆ ಜೀವಿಗಳ ಮೈ ಕಟ್ಟಲು ಬೇಕಾದ ವಸ್ತುಗಳು ಹಾಗೆ ಹೊರಗಿನಿಂದ ಸುರಿಯುವುದಿಲ್ಲ. ಇಂಗಾಲ, ಸಾರಜನಕ, ರಂಜಕಗಳು ಒಂದು ಮೈಯಿಂದ ಇನ್ನೊಂದು ಮೈಗೆ, ಅಲ್ಲಿಂದ ಕೆಸರಿಗೆ, ಕೆಸರಿನಿಂದ ಮತ್ತೆ ನೀರಿಗೆ ಸುತ್ತುತ್ತಲೇ ಇರುತ್ತವೆ. ಶಕ್ತಿ ಹರಿದುಹೋಗುತ್ತದೆ, ವಸ್ತು ಸುತ್ತಿ ಬರುತ್ತದೆ. ಪರಿಸರ ವಿಜ್ಞಾನದ ಬೇರೆಲ್ಲ ಮಾತು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಕೆರೆಗಳ ಕಷ್ಟವೆಲ್ಲ ಈ ಸುತ್ತು ಕಡಿದುಹೋದದ್ದರಲ್ಲೇ ಇದೆ.

ಈ ಮೂರರಲ್ಲಿ ರಂಜಕದ ಸ್ವಭಾವ ಬೇರೆ. ಇಂಗಾಲವೂ ಸಾರಜನಕವೂ ಗಾಳಿಯಲ್ಲಿವೆ. ಗಾಳಿಯ ಸಾರಜನಕವನ್ನು ನೇರವಾಗಿ ಹಿಡಿದುಕೊಳ್ಳಬಲ್ಲ ನೀಲಿ-ಹಸಿರು ಪಾಚಿಗಳೂ ಇವೆ. ರಂಜಕ ಬರುವುದು ಬಂಡೆಯಿಂದ, ಮಣ್ಣಿನಿಂದ. ಅದು ಗಾಳಿಯ ಪಾಲಾಗಿ ಹಾರಿಹೋಗುವುದೂ ಇಲ್ಲ. ಡಿಎನ್‌ಎ ಇರಲಿ, ಜೀವಕೋಶದ ಪೊರೆ ಇರಲಿ, ರಂಜಕವಿಲ್ಲದೆ ಆಗುವುದಿಲ್ಲ. ಆದರೂ ಬೇಕಾಗುವ ಪ್ರಮಾಣ ಬಹಳ ಕಡಿಮೆ. ತೇಲುಪಾಚಿಗಳ ಮೈಯಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ, 1 ರಂಜಕ. ಆ ಒಂದು ಸಿಗದಿದ್ದರೆ ಉಳಿದ ನೂರಾ ಇಪ್ಪತ್ತೆರಡು ಇದ್ದರೂ ಪಾಚಿ ಬೆಳೆಯದು. ಬೆಳವಣಿಗೆಯನ್ನು ತಡೆದು ನಿಲ್ಲಿಸುವುದು ಎಲ್ಲಕ್ಕಿಂತ ಕೊರತೆಯಾದ ವಸ್ತು. ಕೆರೆಯಲ್ಲಿ ಸಾಮಾನ್ಯವಾಗಿ ಅದು ರಂಜಕ.

1960ರ ದಶಕದಲ್ಲಿ ಅಮೆರಿಕ, ಕೆನಡಾಗಳ ಸರೋವರಗಳು ಪಾಚಿಗಟ್ಟತೊಡಗಿದಾಗ ಇದೇ ಮಾತಿನ ಮೇಲೆ ದೊಡ್ಡ ಜಗಳವಾಯಿತು. ಬಟ್ಟೆ ತೊಳೆಯುವ ಪುಡಿಯಲ್ಲಿನ ಫಾಸ್ಫೇಟ್ ಕಾರಣ ಎಂದು ಕೆಲವರು, ಇಂಗಾಲ ಕಾರಣ ಎಂದು ಇನ್ನು ಕೆಲವರು. ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂಟಾರಿಯೊದ 226ನೇ ನಂಬರಿನ ಸರೋವರದ ನಡು ಸೊಂಟಕ್ಕೆ ಅಡ್ಡಲಾಗಿ ಪರದೆ ಕಟ್ಟಿ ಅದನ್ನು ಎರಡಾಗಿ ಭಾಗ ಮಾಡಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಪಾಲು ನೀಲಿ-ಹಸಿರು ಪಾಚಿಯಿಂದ ಮುಚ್ಚಿಹೋಯಿತು, ಪರದೆಯ ಆಚೆ ನೀರು ತಿಳಿಯಾಗಿಯೇ ಇತ್ತು. ವಿಮಾನದಿಂದ ತೆಗೆದ ಆ ಒಂದು ಚಿತ್ರ ವರ್ಷಗಳ ವಾದಕ್ಕಿಂತ ಹೆಚ್ಚು ಜನರನ್ನು ಒಪ್ಪಿಸಿತು. ಅನೇಕ ಕಡೆ ಸಾಬೂನು ಪುಡಿಯ ಫಾಸ್ಫೇಟ್‌ಗೆ ಕಡಿವಾಣ ಬೀಳಲು ಅದೂ ಒಂದು ಕಾರಣವಾಯಿತು.

ಗೋಡು ಮತ್ತು ಹಿಕ್ಕೆ

ಹಾಗಾದರೆ ಶತಮಾನಗಳಿಂದ ನಮ್ಮ ಬಯಲುಸೀಮೆಯ ಕೆರೆಗಳು ಏಕೆ ಪಾಚಿಗಟ್ಟಿ ಸಾಯಲಿಲ್ಲ? ಮಳೆಗಾಲದಲ್ಲಿ ಹೊಲದ ಮೇಲ್ಮಣ್ಣು ಕೊಚ್ಚಿಕೊಂಡು ಬರುತ್ತಿತ್ತು, ದನಕರುಗಳ ಸಗಣಿ ಗಂಜಲ ಬರುತ್ತಿತ್ತು, ರಂಜಕವೂ ಅದರೊಂದಿಗೇ ಬರುತ್ತಿತ್ತು. ಆದರೆ ಬಂದದ್ದು ಹೊರಗೆ ಹೋಗುವ ದಾರಿಗಳೂ ಇದ್ದವು.

ತೂಬಿನ ನೀರಿನೊಂದಿಗೆ ಒಂದಷ್ಟು ಗದ್ದೆಗೆ ಹೋಗುತ್ತಿತ್ತು. ಮೀನು ಹಿಡಿದವರ ಬಲೆಯಲ್ಲಿ ಒಂದಷ್ಟು. ಬಹುಪಾಲು ತಳದಲ್ಲಿ ಹೂಳಾಗಿ ಕೂರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಅಂಗಳಕ್ಕೆ ಗಾಡಿ ಇಳಿಸಿ ಆ ಕಪ್ಪು ಗೋಡನ್ನು ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೋಡು ಬಿದ್ದ ಹೊಲದ ಬೆಳೆಯೇ ಬೇರೆ ಎಂಬುದು ಅವರ ಅನುಭವ. ಹೊಲದಿಂದ ಜಾರಿದ ಸಾರ ಹೊಲಕ್ಕೇ ಮರಳುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು. ಕೆರೆಯನ್ನು ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟ ಸಂಗತಿಯನ್ನು ನಮ್ಮ ಎಷ್ಟೋ ಶಾಸನಗಳು ದಾಖಲಿಸಿವೆ. ತೂಬು ಎತ್ತಿ ಇಳಿಸಿ ನೀರು ಹಂಚಲು ನೀರಗಂಟಿ ಇದ್ದ. ಆ ದುಡಿಮೆಯ ಭಾರ ಊರಿನ ಎಲ್ಲ ಜಾತಿಗಳ ಮೇಲೂ ಸಮನಾಗಿ ಬಿದ್ದಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ವಸ್ತುವಿನ ಸುತ್ತು ಪೂರ್ಣವಾಗುತ್ತಿತ್ತು ಎಂಬುದು ಗಟ್ಟಿ ಸತ್ಯ.

ಇನ್ನೊಂದು ದಾರಿ ಹಕ್ಕಿಗಳದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಸುತ್ತಲಿನ ಕೆರೆ ಹೊಳೆಗಳಲ್ಲಿ ಮೀನು ಹಿಡಿದು ತಂದು ಮರಿಗಳಿಗೆ ಉಣಿಸುತ್ತವೆ. ಮರದಡಿ ಬೀಳುವ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ತುಂಬಿರುತ್ತವೆ. ಊರವರು ಅದನ್ನು ಮಣ್ಣಿನೊಂದಿಗೆ ಕೂಡಿಸಿ ಹೊಲಕ್ಕೆ ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ಆ ಜನ ಮರ ಕಡಿಯದೆ, ಮರಿಗಳಿಗೆ ಕಲ್ಲೆಸೆಯದೆ ಅವನ್ನು ಕಾದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕೆರೆಯ ರಂಜಕ ಹೊಲಕ್ಕೆ ಹಾರಿ ಬರುವ ಈ ದಾರಿಗೆ ಪಂಪು ಬೇಡ, ಪೈಪು ಬೇಡ. ಮರ ಉಳಿದಿರಬೇಕು, ಮೀನು ಇರಬೇಕು, ಜನರ ಮನಸ್ಸಿರಬೇಕು.

ಬಾಗಿಲು ಮುಚ್ಚಿದಾಗ

ನಗರದ ಕೆರೆಯಲ್ಲಿ ಆದದ್ದೇನೆಂದು ಈಗ ಸ್ಪಷ್ಟವಾಗುತ್ತದೆ. ಒಳಬರುವ ದಾರಿ ಹಲವು ಪಟ್ಟು ಅಗಲವಾಯಿತು, ಹೊರಹೋಗುವ ದಾರಿಗಳೆಲ್ಲ ಮುಚ್ಚಿದವು. ಒಬ್ಬ ವಯಸ್ಕ ಮಲಮೂತ್ರದಲ್ಲಿ ಹೊರಹಾಕುವ ರಂಜಕ ದಿನಕ್ಕೆ ಸುಮಾರು ಒಂದೂವರೆ ಗ್ರಾಂ. ಒಂದು ಲಕ್ಷ ಜನರ ಕೊಳಚೆ ಹರಿಯುವ ರಾಜಕಾಲುವೆ ದಿನಕ್ಕೆ 150 ಕಿಲೋ ರಂಜಕವನ್ನು ಹೊತ್ತು ತರಬಲ್ಲದು. ಅದು ಸೇರಬೇಕಾಗಿದ್ದ ಹೊಲಗಳು ಬಡಾವಣೆಗಳಾಗಿವೆ. ಗೋಡು ಎತ್ತುವವರಿಲ್ಲ. ಎತ್ತಿದರೂ ಅದರಲ್ಲಿ ಕಾರ್ಖಾನೆಗಳ ಭಾರಲೋಹಗಳು ಸೇರಿರಬಹುದಾದ್ದರಿಂದ ಹೊಲಕ್ಕೆ ಹಾಕುವ ಧೈರ್ಯವಿಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿತು. 2018ರ ಜನವರಿಯಲ್ಲಿ ಅದರ ಅಂಗಳದ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸಲು ಸೈನಿಕರೂ ಇಳಿಯಬೇಕಾಯಿತು. ನೀರು ತುಂಬಿರಬೇಕಾದ ಅಂಗಳದಲ್ಲಿ ಹುಲ್ಲು, ಕಳೆ ಅಷ್ಟು ದಟ್ಟವಾಗಿ ಬೆಳೆಯಲು ಗೊಬ್ಬರ ಒದಗಿಸಿದ್ದು ನಮ್ಮದೇ ಕೊಳಚೆ. ನೇರಳೆ ಹೂವಿನ ತೇಲುಕಳೆ ವಾಟರ್ ಹಯಸಿಂತ್ ಇಂಥ ನೀರಿನಲ್ಲಿ ಎರಡು ವಾರದಲ್ಲೇ ಇಮ್ಮಡಿಯಾಗಬಲ್ಲದು. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡವನ್ನು ತಿಂದು ಹತೋಟಿಯಲ್ಲಿಡುವ ಕೀಟಗಳು ಇಲ್ಲಿ ಮೊದಲಿನಿಂದ ಇರಲಿಲ್ಲ. ಅದು ನೀರನ್ನು ಮುಚ್ಚಿದಾಗ ಬೆಳಕು ಒಳಗಿಳಿಯದು, ಗಾಳಿ ಕರಗದು, ತಳದಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮೀಥೇನ್ ಉಗುಳತೊಡಗುತ್ತವೆ.

ಇಲ್ಲಿ ಇನ್ನೊಂದು ಕಠಿಣ ಸತ್ಯವಿದೆ. ಆಳವಿಲ್ಲದ ಕೆರೆಗಳು ಎರಡು ಸ್ಥಿತಿಗಳಲ್ಲಿ ನೆಲೆ ನಿಲ್ಲಬಲ್ಲವು. ಒಂದರಲ್ಲಿ ನೀರು ತಿಳಿ, ತಳದಲ್ಲಿ ಜಲಸಸ್ಯಗಳು. ಅವುಗಳ ಬೇರು ಕೆಸರನ್ನು ಹಿಡಿದಿಡುತ್ತದೆ, ಎಲೆಗಳ ಮರೆಯಲ್ಲಿ ಡಾಫ್ನಿಯಾಗಳು ಮೀನಿನಿಂದ ತಪ್ಪಿಸಿಕೊಂಡು ಪಾಚಿ ತಿನ್ನುತ್ತವೆ, ನೀರು ತಿಳಿಯಾಗಿಯೇ ಉಳಿಯುತ್ತದೆ. ಇನ್ನೊಂದರಲ್ಲಿ ನೀರು ಹಸಿರುಗಟ್ಟಿ ಬೆಳಕು ಕೆಳಗಿಳಿಯದೆ ಜಲಸಸ್ಯಗಳು ಸಾಯುತ್ತವೆ, ಕೆಸರು ಕದಡುತ್ತದೆ, ಕೆಸರಿನಿಂದ ರಂಜಕ ಮೇಲೆದ್ದು ಪಾಚಿ ಇನ್ನೂ ಹೆಚ್ಚುತ್ತದೆ. ಎರಡೂ ಸ್ಥಿತಿಗಳು ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ. ಕೊಳಚೆಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಕೆರೆ ಬಹುಕಾಲ ತಡೆದುಕೊಂಡು ಒಮ್ಮೆಲೇ ಮಗುಚಿಬಿಡುತ್ತದೆ. ಅನಂತರ ಕೊಳಚೆಯನ್ನು ಅಷ್ಟೇ ತಗ್ಗಿಸಿದರೆ ಅದು ಹಿಂದಿರುಗುವುದಿಲ್ಲ. ಅದಕ್ಕಿಂತ ಬಹಳ ಕೆಳಗೆ ಇಳಿಸಬೇಕಾಗುತ್ತದೆ. ಕೆಡಿಸಿ ಸರಿಮಾಡುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ ಎಂಬ ಸಂರಕ್ಷಣೆಯ ಮೂಲತತ್ತ್ವ ಬರೀ ನೀತಿಯ ಮಾತಲ್ಲ, ಕೆರೆಯ ಭೌತ ನಿಯಮವೇ ಹಾಗಿದೆ.

ಕೆರೆ ಉಳಿಸುವುದೆಂದರೆ

ಹಿಂದಿರುಗಿದ ಕೆರೆಗಳೂ ಇವೆ. ಅಮೆರಿಕದ ಸಿಯಾಟಲ್ ನಗರದ ಜನ 1963ರಿಂದ 1968ರವರೆಗೆ ಹಂತಹಂತವಾಗಿ ಲೇಕ್ ವಾಷಿಂಗ್ಟನ್‌ಗೆ ಬರುತ್ತಿದ್ದ ಚರಂಡಿ ನೀರನ್ನೆಲ್ಲ ಬೇರೆಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಪಾಚಿ ಇಳಿದು ನೀರು ತಿಳಿಯಾಯಿತು. ಆದರೆ ಅದು ಆಳವಾದ ಸರೋವರ. ನಮ್ಮ ಕೆರೆಗಳು ಆಳವಿಲ್ಲದವು, ಬೆಚ್ಚಗಿನವು, ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರೆ ಎಷ್ಟೋ ಕಡೆ ಕೆರೆಗೆ ನೀರೇ ಇಲ್ಲವಾಗುತ್ತದೆ. ಆದ್ದರಿಂದ ನಮ್ಮ ದಾರಿ ನಮ್ಮದೇ ಆಗಬೇಕು.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಅಂಥ ಒಂದು ದಾರಿ ಕಾಣುತ್ತದೆ. ಮೇಲ್ಭಾಗದ ಶುದ್ಧೀಕರಣ ಘಟಕದಲ್ಲಿ ಶುದ್ಧವಾದ ಕೊಳಚೆ ನೀರು ನೇರ ಕೆರೆಗಿಳಿಯದೆ ಮೊದಲು ಜೊಂಡು ಬೆಳೆದ ತಗ್ಗು ಜೌಗಿಗೆ ಬರುತ್ತದೆ. ಜೊಂಡಿನ ಬೇರುಗಳ ನಡುವೆ ನೀರು ನಿಧಾನವಾಗುತ್ತದೆ, ಮಡ್ಡಿ ಕೆಳಗೆ ಕೂರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಆದರೆ ರಂಜಕಕ್ಕೆ ಗಾಳಿಯ ದಾರಿ ಇಲ್ಲವಲ್ಲ. ಅದು ಜೊಂಡಿನ ಮೈಗೆ ಸೇರುತ್ತದೆ ಅಥವಾ ಕೆಸರಿಗೆ ಅಂಟುತ್ತದೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಸತ್ತು ಕೊಳೆತು ರಂಜಕವನ್ನು ಮತ್ತೆ ನೀರಿಗೇ ಕೊಡುತ್ತದೆ. ಗಾಡಿ ಕಟ್ಟಿ ಗೋಡು ಎತ್ತುತ್ತಿದ್ದವರು ಮಾಡುತ್ತಿದ್ದ ಕೆಲಸವನ್ನೇ ಈಗ ಜೊಂಡು ಕೊಯ್ಯುವವರು ಮಾಡಬೇಕಾಗಿದೆ.

ಕೆರೆಯ ಅಂಚಿನ ಮಾತನ್ನೂ ಹೇಳಬೇಕು. ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಕೆರೆಯನ್ನು ಬೋಗುಣಿಯಂತೆ ಮಾಡುವ ಕೆಲಸ ಎಷ್ಟೋ ಕಡೆ ನಡೆದಿದೆ. ಆದರೆ ಕೆರೆಯ ಬದುಕು ಹೆಚ್ಚು ದಟ್ಟವಾಗಿರುವುದು ಮೊಣಕಾಲುದ್ದ ನೀರಿನ ಅಂಚಿನಲ್ಲಿ. ಮೀನು ಮರಿಗಳು ಬೆಳೆಯುವುದು, ಜಂಬುಕೋಳಿ ಗೂಡು ಕಟ್ಟುವುದು, ಬೆಳ್ಳಕ್ಕಿ ನಿಂತು ಬೇಟೆಯಾಡುವುದು ಅಲ್ಲೇ. ಹೊರಗಿನಿಂದ ತಂದು ಬಿಟ್ಟ ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೊಂದು ಗಂಡಾಂತರ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಆದರೂ ಕೆರೆಗೆ ಸೇರಿಕೊಂಡ ಕಡೆ ಅದು ಬಾಯಿಗೆ ಸಿಕ್ಕ ಸ್ಥಳೀಯ ಮೀನುಗಳನ್ನೆಲ್ಲ ಮುಗಿಸುತ್ತದೆ. ಆಮ್ಲಜನಕವಿಲ್ಲದ ನೀರಿನಲ್ಲೂ ಗಾಳಿ ನುಂಗಿ ಬದುಕುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕೆರೆಯನ್ನು ಏರಿ, ಕೋಡಿಗಳ ನಡುವೆ ಕಟ್ಟಿಹಾಕಿ ಕಾಯಲಾಗದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ರಾತ್ರಿ ಕೆರೆಯಲ್ಲಿ, ಹಗಲು ಸುತ್ತಲಿನ ರೈತರ ಹೊಲಗಳಲ್ಲಿ. ನೀರಾವರಿಗೆಂದು ಮನುಷ್ಯರು ಕಟ್ಟಿದ ಆ ಕೆರೆ 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೊಂದಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಹೆಬ್ಬಾತುಗಳ ಪಾಲಿಗೆ ಮಾಗಡಿಯ ಕಡಲೆ ಹೊಲ, ಕೆರೆಯ ನೀರು, ಮಧ್ಯ ಏಷ್ಯಾದ ಎತ್ತರದ ಹುಲ್ಲುಗಾವಲು ಎಲ್ಲವೂ ಒಂದೇ ಬದುಕಿನ ಭಾಗಗಳು.

ನಿಮ್ಮ ಊರಿನಲ್ಲಿ ಕೆರೆ ಅಭಿವೃದ್ಧಿಯ ಯೋಜನೆ ಬಂದರೆ ಕೇಳಬೇಕಾದ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಕಾಲುವೆಗಳಲ್ಲಿ ಏನು ಬರುತ್ತಿದೆ, ಅದನ್ನು ತಡೆಯುವವರು ಅಥವಾ ಶುದ್ಧ ಮಾಡುವವರು ಯಾರು? ಬಂದ ಸಾರ ಹೊರಹೋಗಲು ದಾರಿ ಯಾವುದು, ಜೊಂಡು ಕೊಯ್ಯಲು, ಹೂಳೆತ್ತಲು ಪ್ರತಿವರ್ಷ ಹಣ ಎಲ್ಲಿದೆ? ಅಂಚಿನಲ್ಲಿ ತಗ್ಗು ನೀರು ಉಳಿಯುತ್ತದೆಯೇ? ಮೇಲಿನ ಕೆರೆ, ಕೆಳಗಿನ ಕೆರೆಗಳಿಗೆ ಸಂಪರ್ಕ ಇದೆಯೇ? ಇವುಗಳಿಗೆ ಉತ್ತರ ಸಿಕ್ಕ ಮೇಲೆ ನಡಿಗೆಯ ದಾರಿ, ಬೆಂಚು, ದೀಪಗಳ ಮಾತಾಡಬಹುದು. ಉತ್ತರವಿಲ್ಲದೆ ಅವನ್ನಷ್ಟೇ ಮಾಡಿದರೆ ಸಾಯುತ್ತಿರುವ ಕೆರೆಯ ಸುತ್ತ ಉದ್ಯಾನ ಕಟ್ಟಿದಂತಾಗುತ್ತದೆ. ಪರಿಸರ ವಿಜ್ಞಾನ ನಮಗೆ ಕೊಟ್ಟಿರುವ ಉಪಕರಣ ಇದೇ: ಏನು ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ, ನಡುವೆ ಯಾರ ಬದುಕು ಇದನ್ನು ನಂಬಿದೆ ಎಂದು ಕೇಳುವ ಅಭ್ಯಾಸ. ಅದನ್ನು ಕೇಳುವ ಹಕ್ಕು ವಿಜ್ಞಾನಿಗಳಿಗಷ್ಟೇ ಇರುವುದಲ್ಲ. ಕೆರೆಯ ಕೆಳಗೆ ಗದ್ದೆ ಇರುವ, ಕೆರೆಯ ದಂಡೆಯಲ್ಲಿ ಮನೆ ಇರುವ, ಕೆರೆಗೆ ಚರಂಡಿ ಬಿಟ್ಟಿರುವ ಪ್ರತಿಯೊಬ್ಬರಿಗೂ ಇದೆ, ಉತ್ತರ ಕೊಡುವ ಹೊಣೆಯೂ ಅವರೆಲ್ಲರ ಮೇಲಿದೆ.